ಗಡಿಯ ಹೊಳೆಯಲ್ಲಿ ಟ್ರೌಟ್ ಗಾಳ

ಯಮನೂರಿನವರಿಗೆ ಗಡಿಯ ಹೊಳೆ ಅಂದರೆ ಮೊದಲು ನೆನಪಾಗುವುದು ಮಹದಾಯಿ. ನವಲಗುಂದದ ಧರಣಿ, ನ್ಯಾಯಮಂಡಳಿ, ಟಿಎಂಸಿ ಲೆಕ್ಕ, 2016ರ ಜುಲೈ ತಿಂಗಳ ಹೋರಾಟದ ದಿನಗಳು. ಎರಡು ರಾಜ್ಯಗಳ ನಡುವಿನ ನೀರು ಅಂದರೆ ತಗಾದೆ ಎಂದೇ ತಿಳಿದ ಊರು ನಮ್ಮದು. ಅಂಥ ಊರಿನ ನಾನು ಗಡಿಯ ಹೊಳೆಯೊಳಗೆ ಮೊಣಕಾಲಮಟ್ಟ ನಿಂತು, ಟ್ರೌಟ್ ಎಂಬ ಮೀನಿಗೆ ಗಾಳ ಬೀಸುವುದನ್ನು ಕಲಿತೆ. ನಮ್ಮ ಮನೆಯಲ್ಲಿ ಮೀನು ಬೇಯಿಸಿದ್ದೇ ಇಲ್ಲ.

ಸೈನ್ಯದಲ್ಲಿ ನಾನು ವಾಹನ ಚಾಲಕ. ತೊಂಬತ್ತರ ದಶಕದಲ್ಲಿ ಶಿಮ್ಲಾಕ್ಕೆ ವರ್ಗವಾದಾಗ ಒಬ್ಬ ಸಾಹೇಬರ ಜೀಪು ನನ್ನ ಪಾಲಿಗೆ ಬಂತು. ರಜೆ ಸಿಕ್ಕರೆ ಅವರು ರೋಹ್ಡೂ ಕಡೆಗೆ ಹೊರಡುವರು. ಅಲ್ಲಿ ಪಬ್ಬರ್ ಎಂಬ ಹೊಳೆ. ಚಂದ್ರನಾಹನ್ ಸರೋವರದ ಹತ್ತಿರ ಹಿಮ ಕರಗಿ ಹುಟ್ಟುವ ಈ ಹೊಳೆ ಹಿಮಾಚಲದಲ್ಲಿ ಇಳಿದು, ಗಡಿ ದಾಟಿ, ತ್ಯೂಣಿ ಎಂಬಲ್ಲಿ ಟೋನ್ಸ್ ನದಿಗೆ ಸೇರುತ್ತದೆ. ಟೋನ್ಸ್ ಮುಂದೆ ಒಂದಷ್ಟು ದೂರ ತಾನೇ ಗಡಿಯಾಗಿ ಹರಿದು ಯಮುನೆಯನ್ನು ಕೂಡುತ್ತದೆ. ನಾನಿದ್ದಾಗ ಆಚೆ ದಂಡೆ ಉತ್ತರ ಪ್ರದೇಶ. 2000ದ ನವೆಂಬರಿನಿಂದ ಅದು ಬೇರೆ ರಾಜ್ಯ, ಈಗಿನ ಉತ್ತರಾಖಂಡ. ದಂಡೆಯ ಹೆಸರು ಬದಲಾಯಿತು, ಹೊಳೆಯ ತಂಪು ಅಷ್ಟೇ ಇತ್ತು, ಮೀನೂ ಅದೇ.

ಮೀನಿಗೆ ಗಡಿಯಿಲ್ಲ ಎಂದು ಹೇಳುವವರಿದ್ದಾರೆ. ನನ್ನ ಅನುಭವ ಬೇರೆ. ಮೀನಿಗೆ ಗಡಿಯಿದೆ, ಬಹಳ ಬಿಗಿಯಾದ ಗಡಿಯೇ ಇದೆ. ಅದನ್ನು ಎಳೆಯುವುದು ನೀರಿನ ಬಿಸಿ ಮತ್ತು ನದಿಯ ಕೊಳ್ಳ. ನಾವು ನಕ್ಷೆಯ ಗೆರೆಗಾಗಿ ಜಗಳಾಡುತ್ತ ಆ ಗಡಿಯನ್ನು ಮಾತ್ರ ಲೆಕ್ಕಕ್ಕಿಡದೆ ದಾಟಿದ್ದೇವೆ.

ಬೆಣ್ಣಿಹಳ್ಳಕ್ಕೆ ಯಾಕೆ ಬರುವುದಿಲ್ಲ

ಊರಿಗೆ ಬಂದಾಗ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು: ಆ ಮೀನನ್ನು ನಮ್ಮ ಹಳ್ಳಕ್ಕೆ ತಂದು ಬಿಟ್ಟರೆ?

ಬೆಣ್ಣಿಹಳ್ಳ ಶಿಗ್ಗಾವಿ ಕಡೆಯ ದುಂಡಶಿ ಹತ್ತಿರ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆಭೂಮಿಯಲ್ಲಿ ಉತ್ತರಕ್ಕೆ ಹರಿದು ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಹೊಲ ನುಂಗುವಷ್ಟು ನೀರು, ಬೇಸಗೆಯಲ್ಲಿ ಅಲ್ಲೊಂದು ಇಲ್ಲೊಂದು ಮಡು. ನಮ್ಮೂರ ಚಾಂಗದೇವರ ಜಾತ್ರೆಗೆ ಬಂದವರು ಇದೇ ಹಳ್ಳದಲ್ಲಿ ಮುಳುಗೆದ್ದು ಚರ್ಮದ ಬೇನೆ ಹೋಗಲಿ ಎಂದು ಬೇಡಿಕೊಳ್ಳುತ್ತಾರೆ. ಆ ಹೊತ್ತಿಗೆ ಬಿಸಿಲೇರಿ ಮಡುವಿನ ನೀರು ಬೆಚ್ಚಗಾಗಿರುತ್ತದೆ.

ಟ್ರೌಟ್‌ಗೆ ಒಗ್ಗುವುದು ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು. 20 ದಾಟಿದರೆ ಸಂಕಟ, 25ರ ಆಚೆಗೆ ಜೀವಕ್ಕೇ ಅಪಾಯ. ಕಾರಣ ಉಸಿರು. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಗಾಳಿ ಹೆಚ್ಚು ಬೇಕು, ನೀರಿನಲ್ಲಿ ಇರುವುದು ಮಾತ್ರ ಕಡಿಮೆ. ಮೊಟ್ಟೆಯಿಡಲು ಚೊಕ್ಕ ಗರಸು ಬೇಕು. ಹೆಣ್ಣು ಮೀನು ಬಾಲದಿಂದ ಗರಸನ್ನು ಬಗೆದು ಗುಣಿ ಮಾಡಿ ಮೊಟ್ಟೆಯಿಡುತ್ತದೆ, ಆಮೇಲೆ ಕಲ್ಲು ಮುಚ್ಚುತ್ತದೆ. ಆ ಕಲ್ಲಿನ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆ ಬದುಕುತ್ತದೆ. ನಮ್ಮ ಎರೆಮಣ್ಣಿನ ರಾಡಿ ಒಂದೇ ದಿನದಲ್ಲಿ ಸಂದಿಯನ್ನೆಲ್ಲ ಮೆತ್ತಿಬಿಡುತ್ತದೆ. ಟ್ರೌಟ್‌ಗೆ ಯಮನೂರು ಎಂದೂ ಊರಾಗಲಾರದು.

ಹಡಗಿನಲ್ಲಿ ಬಂದ ಮೊಟ್ಟೆ

ಭಾರತದ ಯಾವ ಹೊಳೆಗೂ ಟ್ರೌಟ್ ಮೂಲದ ಮೀನಲ್ಲ. ಮೈಮೇಲೆ ಕಪ್ಪು, ಕೆಂಪು ಚುಕ್ಕೆಯಿರುವ ಕಂದು ಟ್ರೌಟ್ ಯುರೋಪಿನದು. ಪಕ್ಕೆಯ ಮೇಲೆ ಗುಲಾಬಿ ಪಟ್ಟಿಯಿರುವ ರೈನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಹೊಳೆಗಳದು. ಬ್ರಿಟಿಷರು ಬೆಟ್ಟಗಳಲ್ಲಿ ಬೇಸಗೆಯ ಊರು ಕಟ್ಟಿಕೊಂಡ ಮೇಲೆ ತಮ್ಮ ಊರಿನ ಗಾಳದ ಆಟವೂ ಅಲ್ಲಿ ಬೇಕೆನಿಸಿತು.

ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ 1863ರಲ್ಲೇ ನೀಲಗಿರಿಗೆ ಟ್ರೌಟ್ ತರಲು ಹೊರಟರು, ಕೈಗೂಡಲಿಲ್ಲ. ಕಾಶ್ಮೀರಕ್ಕೆ 1899ರಲ್ಲಿ ಕಳಿಸಿದ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ಕಳಿಸಿದವು ಬದುಕಿ ತಲುಪಿದವು. ಕಾಶ್ಮೀರದ ಮೊಟ್ಟೆಗಳೇ 1909ರಲ್ಲಿ ಕುಲುವಿಗೆ ಹೋದವು. ನೀಲಗಿರಿಯಲ್ಲಿ 1907ರ ಸುಮಾರಿಗೆ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿ ರೈನ್‌ಬೋ ಟ್ರೌಟನ್ನು ನೆಲೆಗೊಳಿಸಿದರು.

ಮೊಟ್ಟೆ ಸಾಗಿಸಲು ಒಂದು ಹದವಿದೆ. ಮೊಟ್ಟೆಯೊಳಗೆ ಮರಿಯ ಕಣ್ಣು ಕಪ್ಪು ಚುಕ್ಕೆಯಾಗಿ ಕಾಣುವವರೆಗೆ ಅದನ್ನು ಅಲುಗಾಡಿಸಬಾರದು. ಕಣ್ಣು ಮೂಡಿದ ಮೇಲೆ ಒದ್ದೆ ಪಾಚಿಯಲ್ಲಿ ಹಾಸಿ, ಮೇಲೆ ಬರ್ಫ ಇಟ್ಟು, ಮರದ ಪೆಟ್ಟಿಗೆಯಲ್ಲಿ ಕಳಿಸಬಹುದು. ಬರ್ಫ ಕರಗುವುದರೊಳಗೆ ಬೆಟ್ಟ ಹತ್ತಿಸಬೇಕು. ಹೀಗೆ ಬಂದ ಮೀನಿನ ಸಂತತಿ ಇಂದಿಗೂ ಪಬ್ಬರ್‌ನಲ್ಲಿದೆ, ಧಮ್ವಾಡಿಯಲ್ಲಿ ಸರಕಾರದ ಮರಿ ಕೇಂದ್ರವೂ ಇದೆ.

ಬಾರಕೋಲಿನ ವಿದ್ಯೆ

ನಮ್ಮ ಹಳ್ಳದ ಗಾಳ ಎಲ್ಲರಿಗೂ ಗೊತ್ತು: ಕೋಲು, ದಾರ, ಕೊಕ್ಕೆ, ಎರೆಹುಳ, ಜತೆಗೆ ಸೀಸದ ಗುಂಡು. ಗುಂಡಿನ ಭಾರಕ್ಕೆ ದಾರ ಹೋಗಿ ಬೀಳುತ್ತದೆ. ಫ್ಲೈ ಗಾಳದಲ್ಲಿ ಗುಂಡೂ ಇಲ್ಲ, ಹುಳವೂ ಇಲ್ಲ. ಸಣ್ಣ ಕೊಕ್ಕೆಗೆ ಪುಕ್ಕ, ನೂಲು, ಕೂದಲು ಸುತ್ತಿ ಹುಳದ ಹಾಗೆ ಕಾಣಿಸುತ್ತಾರೆ, ಅದೇ ಫ್ಲೈ. ಅದರ ತೂಕ ಒಂದು ಗ್ರಾಮಿಗೂ ಕಡಿಮೆ. ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ.

ಆದ್ದರಿಂದ ಇಲ್ಲಿ ಭಾರವಿರುವುದು ದಾರಕ್ಕೇ. ಪ್ಲಾಸ್ಟಿಕ್ ಹೊದಿಸಿದ ದಪ್ಪ ಲೈನು, ಅದರ ತುದಿಗೆ ಸಣ್ಣಗಾಗುತ್ತ ಹೋಗುವ, ಕಣ್ಣಿಗೆ ಕಾಣದ ಲೀಡರ್, ಅದರ ತುದಿಗೆ ಫ್ಲೈ. ಒಂಬತ್ತು ಅಡಿಯ ತೆಳ್ಳನೆ ರಾಡನ್ನು ಹಿಂದಕ್ಕೆ ಎತ್ತಿ ಗಕ್ಕನೆ ನಿಲ್ಲಿಸಬೇಕು. ಲೈನು ಬೆನ್ನಹಿಂದೆ ಬಿಚ್ಚಿಕೊಂಡು ನೆಟ್ಟಗಾಗುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಿ ಮತ್ತೆ ಗಕ್ಕನೆ ನಿಲ್ಲಿಸಬೇಕು. ಬಾಗಿದ ರಾಡು ನೆಟ್ಟಗಾಗುತ್ತ ಲೈನನ್ನು ಒಯ್ಯುತ್ತದೆ, ಲೈನು ಫ್ಲೈಯನ್ನು ಒಯ್ಯುತ್ತದೆ. ಸಾಹೇಬರು ಹುಲ್ಲಿನ ಬಯಲಲ್ಲಿ, ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿ ನನಗೆ ಹೇಳಿಕೊಟ್ಟರು. ಹೊಲದಲ್ಲಿ ಬಾರಕೋಲು ಬೀಸಿದ ಕೈಗೆ ಅದು ಬೇಗ ಹತ್ತಿತು. ಎತ್ತಿನ ಮೈಗೆ ತಾಗದ ಹಾಗೆ ಗಾಳಿಯಲ್ಲೇ ಚಟಾರನೆ ಸದ್ದು ಮಾಡಿಸುವವನಿಗೆ, ಬಾರು ಹಿಂದೆ ಪೂರ್ತಿ ಹೋಗುವವರೆಗೆ ಕೈ ತಡೆಯುವುದು ಗೊತ್ತಿರುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಸದ್ದು ಬಂದರೆ ಫ್ಲೈ ಹರಿದುಹೋಯಿತೆಂದು ಲೆಕ್ಕ.

ಬೀಸುವುದಕ್ಕಿಂತ ಕಷ್ಟ ನೀರು ನೋಡುವುದು. ಟ್ರೌಟ್ ಯಾವಾಗಲೂ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಯಾಕೆಂದರೆ ಊಟ ಮೇಲಿಂದ ತೇಲಿ ಬರುತ್ತದೆ. ಸೆಳವಿನಲ್ಲೇ ನಿಂತರೆ ಸುಸ್ತು, ನಿಂತ ನೀರಿನಲ್ಲಿ ಊಟವಿಲ್ಲ. ಆದ್ದರಿಂದ ಬಂಡೆಯ ಮರೆಯಲ್ಲಿ, ಸೆಳವೂ ನಿಧಾನವೂ ಕೂಡುವ ಗೆರೆಯ ಮೇಲೆ ಅದರ ಜಾಗ. ನಾವು ಕೆಳಗಿನಿಂದ, ಅದರ ಬೆನ್ನಹಿಂದೆ ಹೋಗಬೇಕು. ಫ್ಲೈಯನ್ನು ಅದರ ಮುಂದೆ ಬೀಳಿಸಿ, ಹೊಳೆ ಎಷ್ಟು ವೇಗದಲ್ಲಿ ಹರಿಯುತ್ತದೋ ಅಷ್ಟೇ ವೇಗದಲ್ಲಿ ತೇಲಲು ಬಿಡಬೇಕು. ಲೈನು ಜಗ್ಗಿ ಫ್ಲೈ ಅಡ್ಡ ಹರಿಯಿತೋ, ಮೀನು ಹತ್ತಿರ ಬಂದು ನೋಡಿ ತಿರುಗಿಹೋಗುತ್ತದೆ.

ಯಾವ ಫ್ಲೈ ಕಟ್ಟಬೇಕು ಎಂಬುದನ್ನು ಹೊಳೆಯ ಕಲ್ಲು ಹೇಳುತ್ತದೆ. ತೊಡೆಮಟ್ಟದ ನೀರಿನಲ್ಲಿ ಒಂದು ಕಲ್ಲನ್ನೆತ್ತಿ ಮಗುಚಿ ನೋಡಿ. ಚಪ್ಪಟೆ ಮೈಯ, ಮೂರು ಎಳೆ ಬಾಲದ ಹುಳ ಅಂಟಿಕೊಂಡಿದ್ದರೆ ಮೇಫ್ಲೈ ಮರಿ. ಎರಡೇ ಬಾಲವಿದ್ದರೆ ಹೆಚ್ಚಾಗಿ ಸ್ಟೋನ್‌ಫ್ಲೈ. ಮರಳಿನ ಕಣಗಳನ್ನು ಅಂಟಿಸಿ ಕೊಳವೆಮನೆ ಕಟ್ಟಿಕೊಂಡಿದ್ದರೆ ಕ್ಯಾಡಿಸ್. ಮೇಫ್ಲೈ ತಿಂಗಳುಗಟ್ಟಲೆ ನೀರಿನಡಿ ಬೆಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ಮೇಲೆ ಹಾರುತ್ತಿದ್ದರೆ ತೇಲುವ ಫ್ಲೈ, ಇಲ್ಲದಿದ್ದರೆ ಮುಳುಗುವ ಫ್ಲೈ. ಕಲ್ಲಿನಡಿ ಏನೂ ಇಲ್ಲದಿದ್ದರೆ ಆ ಹೊಳೆಯ ಆರೋಗ್ಯ ಕೆಟ್ಟಿದೆ ಎಂದರ್ಥ. ಕೊಳಕು ನೀರಿನಲ್ಲಿ ಈ ಹುಳಗಳೇ ಮೊದಲು ಸಾಯುತ್ತವೆ.

ಫ್ಲೈ ಕಟ್ಟಲು ಬೇಕಾದ ಸಾಮಾನು ನಮ್ಮಲ್ಲಿ ಬೇಕಾದಷ್ಟಿದೆ. ರಜೆಗೆ ಊರಿಗೆ ಬಂದಾಗ ಜವಾರಿ ಹುಂಜದ ಕುತ್ತಿಗೆಯ ಪುಕ್ಕವನ್ನೂ, ಹೊಲದಲ್ಲಿ ಉದುರಿದ ನವಿಲುಗರಿಯ ಎಳೆಯನ್ನೂ ಲಕೋಟೆಯಲ್ಲಿಟ್ಟು ಸಾಹೇಬರಿಗೆ ಒಯ್ಯುತ್ತಿದ್ದೆ. ಹುಂಜದ ಪುಕ್ಕ ಬಿರುಸು, ಕೊಕ್ಕೆಗೆ ಸುತ್ತಿದರೆ ಎಳೆಗಳು ಸುತ್ತಲೂ ನೆಟ್ಟಗೆ ನಿಂತು ಫ್ಲೈಯನ್ನು ನೀರಿನ ಮೇಲೆ ಎತ್ತಿಹಿಡಿಯುತ್ತವೆ. ಅವರ ಹಳೆಯ ಡಬ್ಬಿಯಲ್ಲಿ ಮಾತ್ರ ಬೇರೊಂದು ಪುಕ್ಕವಿತ್ತು. ತುದಿಯಲ್ಲಿ ಮೇಣದ ಹನಿ ಬಿದ್ದು ಗಟ್ಟಿಯಾದಂಥ ಹಳದಿ ಚುಕ್ಕೆ. ಅದು ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕುತ್ತಿಗೆ ಪುಕ್ಕ. ದಾಂಡೇಲಿ ಕಾಡಿನಲ್ಲಿ ಬೆಳಗಿನ ಜಾವ ಕೂಗುವ ಅದೇ ಹಕ್ಕಿ. ಹತ್ತೊಂಬತ್ತನೇ ಶತಮಾನದಿಂದ ಬ್ರಿಟನ್ನಿನ ಸಾಲ್ಮನ್ ಫ್ಲೈಗಳಿಗೆ ಈ ಪುಕ್ಕ ಇಲ್ಲಿಂದಲೇ ರಾಶಿರಾಶಿ ಹೋಗುತ್ತಿತ್ತು. ಈಗ ರಫ್ತು ನಿಷೇಧವಾಗಿದೆ, ಅಲ್ಲಿನವರು ಕಾಡುಕೋಳಿಯನ್ನು ತಮ್ಮಲ್ಲೇ ಸಾಕಿಕೊಂಡಿದ್ದಾರೆ.

ಅಣ್ಣಿಗೇರಿಯ ಅರಸರ ಗಾಳ

ಗಾಳದ ಆಟ ಬ್ರಿಟಿಷರು ಹಡಗಿನಲ್ಲಿ ತಂದದ್ದು ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಒಂದು ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಏನು ತಿನ್ನಿಸಿ ಒಂದು ಜಾಗಕ್ಕೆ ರೂಢಿ ಮಾಡಿಸಬೇಕು, ಕೋಲು ಮತ್ತು ದಾರ ಹೇಗಿರಬೇಕು, ಎಲ್ಲವನ್ನೂ ಬಗೆಹರಿಸಿ ಹೇಳಿದ್ದಾನೆ. ಜೀವವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿ ಪ್ರಕಟಿಸಿದರು. ಅದೇ ವಂಶದ ನಾಲ್ಕನೇ ಸೋಮೇಶ್ವರ ನಮ್ಮ ಪಕ್ಕದ ಅಣ್ಣಿಗೇರಿಯನ್ನು ರಾಜಧಾನಿ ಮಾಡಿಕೊಂಡಿದ್ದ. ಗಾಳದ ಶಾಸ್ತ್ರ ನಮ್ಮ ನೆಲಕ್ಕೆ ಹೊಸದೇನಲ್ಲ.

ಪುಕ್ಕ ಸುತ್ತಿದ ಕೊಕ್ಕೆಯ ವಿಷಯ ಅದಕ್ಕಿಂತಲೂ ಹಳೆಯದು. ರೋಮನ್ ಕಾಲದ ಲೇಖಕ ಈಲಿಯನ್, ಮ್ಯಾಸಿಡೋನಿಯಾದ ಹೊಳೆಯೊಂದರಲ್ಲಿ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಪುಕ್ಕ ಕಟ್ಟಿ ಚುಕ್ಕೆ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ.

ಒಂದು ಹೊಳೆ, ಎರಡು ಕಾನೂನು

ಗಡಿಯ ಹೊಳೆಯಲ್ಲಿ ಗಾಳ ಹಾಕುವವನು ಮೊದಲು ತಿಳಿಯಬೇಕಾದದ್ದು ತಾನು ಯಾವ ರಾಜ್ಯದಲ್ಲಿ ನಿಂತಿದ್ದೇನೆ ಎಂದು. ಮೀನುಗಾರಿಕೆ ನಮ್ಮ ಸಂವಿಧಾನದಲ್ಲಿ ರಾಜ್ಯಗಳ ವಿಷಯ. ಹಿಮಾಚಲದ ಲೈಸೆನ್ಸು ಗಡಿ ದಾಟಿದರೆ ನಡೆಯುವುದಿಲ್ಲ. ಹಿಮಾಚಲದಲ್ಲಿ ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆಯ ಕಾಲ.

ಸೈನ್ಯದ ಕೊನೆಯ ವರ್ಷಗಳನ್ನು ನಾನು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಕಳೆದೆ. ನಮ್ಮ ಮಾತಿಗೆ ತೀರ ಹತ್ತಿರದ ಮಾತಾಡುವ ಬಡಗರ ನಡುವೆ ಇದ್ದದ್ದರಿಂದ ಊರು ಬಿಟ್ಟ ಬೇಸರ ಕಡಿಮೆ. ಅಲ್ಲಿಯ ಗಡಿ ಇನ್ನೂ ತೊಡಕಿನದು. ಭವಾನಿ ನದಿ ತಮಿಳುನಾಡಿನ ನೀಲಗಿರಿಯಲ್ಲಿ ಹುಟ್ಟಿ, ಕೇರಳದ ಸೈಲೆಂಟ್ ವ್ಯಾಲಿ ಕಡೆಗಿಳಿದು, ತಿರುಗಿ ತಮಿಳುನಾಡಿಗೆ ಬಂದು ಕಾವೇರಿಯನ್ನು ಸೇರುತ್ತದೆ. ಮೇಲಿನ ತಣ್ಣನೆ ತೊರೆಗಳಲ್ಲಿ ಟ್ರೌಟ್ ಇದೆ. ಆದರೆ ಆ ತೊರೆಗಳಿರುವ ಮುಕುರ್ತಿ 1990ರಿಂದ ರಾಷ್ಟ್ರೀಯ ಉದ್ಯಾನ, ಅಲ್ಲಿ ಕಾಡಿನ ಕಾನೂನೇ ಮೊದಲು. ಇತ್ತ ಪೈಕಾರ ಹೊಳೆ ಬೆಟ್ಟ ಇಳಿದು ಮೋಯಾರ್ ಆಗಿ, ಮುದುಮಲೆಗೂ ನಮ್ಮ ಬಂಡೀಪುರಕ್ಕೂ ನಡುವೆ ಗಡಿಯಾಗಿ ಹರಿಯುತ್ತದೆ. ಅಲ್ಲಿ ನೀರು ಬಿಸಿ, ಟ್ರೌಟ್ ಸೀಮೆ ಮುಗಿದು ಮಹಶೀರ್ ಎಂಬ ಮೀನಿನ ಸೀಮೆ ಶುರುವಾಗುತ್ತದೆ.

ಇದಕ್ಕೆ ಬೇರೆ ದಾರಿಯೂ ಉಂಟು ಎಂದು ಕಂಡದ್ದು ಅಮೆರಿಕದಲ್ಲಿ. ಮಗಳು, ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಅವರು ನನ್ನನ್ನು ಹ್ಯಾಂಕಾಕ್ ಎಂಬ ಸಣ್ಣ ಊರಿಗೆ ಕರೆದೊಯ್ದರು. ಡೆಲವೇರ್ ನದಿ ಅಲ್ಲಿ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ರಾಜ್ಯಗಳ ಗಡಿ. ಗಡಿಯಾಗಿ ಹರಿಯುವ ನೀರಿನಲ್ಲಿ ಎರಡರಲ್ಲಿ ಯಾವ ರಾಜ್ಯದ ಲೈಸೆನ್ಸಿದ್ದರೂ ಸಾಕು. ಆ ನದಿಗೂ ನಮ್ಮಂಥದೇ ತಗಾದೆ ಇತ್ತು. ನ್ಯೂಯಾರ್ಕ್ ನಗರ ಕುಡಿಯುವ ನೀರಿಗಾಗಿ ಅದರ ಮೇಲ್ಭಾಗದಲ್ಲಿ ಅಣೆಕಟ್ಟುಗಳನ್ನು ಕಟ್ಟಲು ಹೊರಟಿತು, ಕೆಳಗಿನ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, 1954ರಲ್ಲಿ ನೀರಿನ ಹಂಚಿಕೆಯಾಯಿತು. ಅಣೆಕಟ್ಟಿನ ತಳದಿಂದ ಬಿಡುವ ತಣ್ಣೀರಿನಿಂದಲೇ ಅಲ್ಲಿ ಟ್ರೌಟ್ ಬೆಳೆದಿದೆ. ಮುಂದೆ ಆ ರಾಜ್ಯಗಳು ಮಾಡಿಕೊಂಡ ಒಪ್ಪಂದಗಳಲ್ಲಿ ಮೀನಿಗಾಗಿಯೂ ನೀರು ಬಿಡುವ ಏರ್ಪಾಟಿದೆ. ನಮ್ಮ ಸಭೆಗಳಲ್ಲಿ ಕುಡಿಯಲು ಇಷ್ಟು, ಹೊಲಕ್ಕಿಷ್ಟು, ವಿದ್ಯುತ್ತಿಗಿಷ್ಟು ಎಂಬ ಟಿಎಂಸಿ ಲೆಕ್ಕ ಕೇಳಿದ್ದೇನೆ. ಮೀನಿಗಿಷ್ಟು ಎಂದವರನ್ನು ಕಾಣೆ.

ಕಾವೇರಿ ಕಲಿಸಿದ್ದು

ಕರ್ನಾಟಕದಲ್ಲಿ ಗಾಳಕ್ಕೆ ಹೆಸರಾದದ್ದು ಟ್ರೌಟ್ ಅಲ್ಲ, ಕಾವೇರಿಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಡಿ ವೆಟ್ ಅವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ 54 ಕಿಲೋ ಇತ್ತು. ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಿಗೆ ದೇಶವಿದೇಶಗಳಿಂದ ಜನ ಬರುತ್ತಿದ್ದರು. ಅವುಗಳ ಕೆಳಗೆ, ಮೇಕೆದಾಟು ಕಳೆದು ಸ್ವಲ್ಪ ದೂರಕ್ಕೆ, ಕಾವೇರಿಯೇ ಕರ್ನಾಟಕ, ತಮಿಳುನಾಡುಗಳ ಗಡಿ.

ಕಾವೇರಿಯ ಸ್ವಂತ ಮೀನು ಡುಬ್ಬದ ಮಹಶೀರ್, ರೆಕ್ಕೆ ಕಿತ್ತಳೆ ಬಣ್ಣದ್ದು. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಲೋಣಾವಳಾದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಬೇರೆ ಬೇರೆ ನದಿಗಳಿಗೆ ಬಿಡಲಾಯಿತು, ಕಾವೇರಿಗೂ ಬಂದವು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿದಾಗ, ನೀಲಿ ರೆಕ್ಕೆಯದು ಹೆಚ್ಚುತ್ತ, ಡುಬ್ಬದ್ದು ಇಲ್ಲವಾಗುತ್ತ ಬಂದದ್ದು ಕಂಡಿತು. ಡುಬ್ಬದ ಮಹಶೀರಿಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ. ಕೇರಳದಿಂದ ತಮಿಳುನಾಡಿಗೆ ಹರಿಯುವ ಪಂಬಾರ್ ಎಂಬ ಹೊಳೆಯಲ್ಲಿ 2007ರಲ್ಲಿ ಗುರುತಿಸಿದ್ದ ‘ಟೋರ್ ರೆಮಾದೇವಿ’ಯೂ ಇದೂ ಒಂದೇ ಎಂದು ಆಗ ತಿಳಿಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಸೇರಿತು. ಅದರ ಉಳಿದ ನೆಲೆಗಳಲ್ಲಿ ಮೋಯಾರ್ ಒಂದು.

ಹಾಗೆಂದು ನೀಲಿ ರೆಕ್ಕೆಯ ಮಹಶೀರ್ ಕೆಟ್ಟ ಮೀನಲ್ಲ. ಸೈಕ್ಸ್ ಎಂಬ ಅಧಿಕಾರಿ ಪುಣೆಯ ಹೊಳೆಗಳಲ್ಲಿ ಅದನ್ನು ನೋಡಿ 1839ರಲ್ಲಿ ಹೆಸರಿಟ್ಟ. ಪುಣೆಯ ಹೊಳೆಗಳು ಭೀಮೆಗೆ, ಭೀಮೆ ಕೃಷ್ಣೆಗೆ. ನಮ್ಮ ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ. ಕೃಷ್ಣೆಯ ಕೊಳ್ಳದಲ್ಲಿ ಅದು ಮನೆಯ ಮಗ, ಕಾವೇರಿಯಲ್ಲಿ ಅತಿಕ್ರಮಣ ಮಾಡಿದವ. ಕೊಳ್ಳದ ಗಡಿ ಅಂದರೆ ಇದು.

ಈ ಮಾತು ನಮಗೂ ತಾಗುತ್ತದೆ. ಮಹದಾಯಿಯ ಕಳಸಾ ಬಂಡೂರಿ ನೀರು ಪಡುವಣಕ್ಕೆ ಹರಿಯುವ ಕೊಳ್ಳದಿಂದ ಮೂಡಣಕ್ಕೆ ಹರಿಯುವ ಕೊಳ್ಳಕ್ಕೆ ಬರಬೇಕಾದ ನೀರು. ಕುಡಿಯುವ ನೀರಿಗಾಗಿ ನಾನೂ ಧರಣಿಯಲ್ಲಿ ಕೂತವನೇ, ಇಂದಿಗೂ ಅದು ಬೇಕೆನ್ನುವವನೇ. ಆದರೆ ನೀರಿನ ಜತೆ ಆಚೆ ಕೊಳ್ಳದ ಮೀನೂ ಬಂದೀತು ಎಂಬುದನ್ನು ಯೋಜನೆ ಬರೆಯುವವರು ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಕಾಕಾನಿಗೆ ಇದೆಲ್ಲ, ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡುತ್ತೇನೆ ಎಂಬುದನ್ನೂ, ಹೇಳಿದಾಗ ಅವನಿಗೆ ಒಂದೇ ಸಂಶಯ. “ಅಲ್ಲೋ ತಮ್ಮಾ, ಹಿಡದ ಮೀನಾ ಮತ್ತ ನೀರಿಗೇ ಬಿಡ್ತೀ ಅಂದ್ರ, ಅಷ್ಟ್ ದೂರ ಹೋಗಿ ಹಿಡೀಲಿಕ್ಕೆ ನಿನಗೇನ್ ಹುಚ್ಚನೂ?” ಹುಚ್ಚೇ ಇರಬಹುದು. ಆದರೆ ಆ ನೆಪದಲ್ಲಿ ಹೊಳೆಯ ಕಲ್ಲು ಎತ್ತಿ ನೋಡುವ ರೂಢಿ ಬಂತು.

ಟ್ರೌಟ್ ಗಾಳ ಹಾಕಬೇಕೆನ್ನುವವರು ಹಿಮಾಚಲಕ್ಕೆ ಹೋಗಿ, ಅಲ್ಲಿಯ ಮೀನುಗಾರಿಕೆ ಇಲಾಖೆಯ ಲೈಸೆನ್ಸು ಪಡೆದು ಹಾಕಲಿ. ಮುಳ್ಳಿಲ್ಲದ ಕೊಕ್ಕೆ ಬಳಸಲಿ. ಮೀನು ಮುಟ್ಟುವ ಮೊದಲು ಕೈ ತೋಯಿಸಿಕೊಳ್ಳಲಿ, ಒಣಗೈಯಿಂದ ಮುಟ್ಟಿದರೆ ಅದರ ಮೈಯ ಲೋಳೆ ಹೋಗಿ ರೋಗ ಹತ್ತುತ್ತದೆ. ನೀರು 20 ಡಿಗ್ರಿ ಮುಟ್ಟಿದರೆ ಆ ದಿನದ ಆಟ ಮುಗಿಸಲಿ.

ಊರಿನಲ್ಲೇ ಇರುವವರಿಗೆ ಒಂದು ಮಾತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಅಗ್ಗಕ್ಕೆ ಸಿಗುತ್ತದೆಂದು ಅದರ ಮರಿಯನ್ನೋ, ತಿಲಾಪಿಯಾ ಮರಿಯನ್ನೋ ಕೃಷಿಹೊಂಡಕ್ಕೆ ತಂದು ಬಿಡುವವರಿದ್ದಾರೆ. ಮಳೆಗಾಲದಲ್ಲಿ ಹೊಂಡ ತುಂಬಿದರೆ ಆ ಮೀನು ನೇರ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ದಯವಿಟ್ಟು ತರಬೇಡಿ. ಒಮ್ಮೆ ಹಳ್ಳ ಸೇರಿದ ಮೀನನ್ನು ಯಾವ ನ್ಯಾಯಮಂಡಳಿಯೂ ಹೊರಗೆ ಹಾಕಿಕೊಡುವುದಿಲ್ಲ.